ಬೆಟ್ಟದ ಮಕ್ಕಳಿಗೆ ಪೆಟ್ಟಿಗೆಯ ವಿಜ್ಞಾನವೇಕೆ?

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಕಲೆ ಮತ್ತು ಗಣಿತಗಳನ್ನು ಒಂದೇ ಚಟುವಟಿಕೆಯಲ್ಲಿ ಬೆಸೆದು, ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸಬೇಕೆಂಬ ವಿಚಾರಕ್ಕೆ ಈಗ ‘ಸ್ಟೀಮ್’ ಶಿಕ್ಷಣವೆಂಬ ಹೆಸರು ಬಂದಿದೆ. ವಿಚಾರವೇನೋ ಸ್ವಾಗತಾರ್ಹ. ಆದರೆ ಹಳ್ಳಿಯ ಶಾಲೆಗೆ ಅದು ಅನೇಕ ವೇಳೆ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆಯಾಗಿಯೇ ತಲುಪುತ್ತದೆ. ಮುರಿದರೆ ಬದಲಿ ಸಿಗದೆಂಬ ಅಂಜಿಕೆಯಿಂದ ಪೆಟ್ಟಿಗೆ ಬೀರು ಸೇರುತ್ತದೆ, ಬೀರುವಿಗೆ ಬೀಗ ಬೀಳುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮಕ್ಕಳಿಗೆ ಪೆಟ್ಟಿಗೆಗಿಂತ ಮೊದಲು ಬೇಕಾದುದು ತಮ್ಮ ಊರನ್ನೇ ಪ್ರಯೋಗಶಾಲೆಯಾಗಿ ಬಳಸುವ ಅವಕಾಶ.

ಚನ್ನಪಟ್ಟಣದ ಬುಗುರಿಯನ್ನೇ ನೋಡಿ. ಅದರ ಕಟ್ಟಿಗೆ, ಚಿವುಟಿದರೆ ಹಾಲು ಸುರಿಸುವ ಆಲೆ ಮರದ್ದು. ಲೇತ್ ಮೇಲೆ ತಿರುಗುತ್ತಿರುವ ಕಟ್ಟಿಗೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಘರ್ಷಣೆಯ ಶಾಖಕ್ಕೇ ಅರಗು ಕರಗಿ ಕಟ್ಟಿಗೆಗೆ ಅಂಟುತ್ತದೆ. ಆ ಅರಗಾದರೂ ಮರದ ಮೇಲೆ ಬದುಕುವ ಸಣ್ಣ ಕೀಟದ ಉತ್ಪನ್ನ. ಸಸ್ಯಶಾಸ್ತ್ರ, ಶಾಖ, ಚಲನೆ, ಅಳತೆ, ವರ್ಣಕಲೆ ಎಲ್ಲವೂ ಅಂಗೈಯಗಲದ ಬುಗುರಿಯಲ್ಲಿ ಅಡಗಿವೆ. ಚಿಕ್ಕ ಮಕ್ಕಳು ಲೇತ್ ಮುಟ್ಟಬೇಕಾಗಿಲ್ಲ; ದೂರದಿಂದ ನೋಡಲಿ. ಬಳಿಕ ಅಗಲ ಬುಗುರಿ ಹೆಚ್ಚು ಹೊತ್ತು ತಿರುಗುವುದೋ, ಕಿರಿದಾದದ್ದೋ ಎಂದು ತಾವೇ ಎಣಿಸಿ ಬರೆದಿಡಲಿ. ಉತ್ತರವನ್ನು ಮೊದಲೇ ಹೇಳದಿರುವುದೇ ಶಿಕ್ಷಕರ ಜಾಣ್ಮೆ.

ರೇಷ್ಮೆ ಮನೆಯ ಮಗುವಿಗೆ ಹುಳು ನಾಲ್ಕು ಜ್ವರ ಕಳೆದು ಚಂದ್ರಿಕೆಗೆ ಏರುವುದು ಹೊಸದಲ್ಲ. ‘ಜ್ವರ’ವೆಂದರೆ ಹುಳು ಪೊರೆ ಬಿಡುವ ಕಾಲ ಎಂಬುದನ್ನು ಅದು ಪುಸ್ತಕ ಓದುವ ಮೊದಲೇ ಕಂಡಿರುತ್ತದೆ. ಆದರೆ ಕೀಟದ ಜೀವನಚಕ್ರದ ಪಾಠಕ್ಕೆ ಬಂದಾಗ ಅದೇ ಮಗು ಯಾವುದೋ ಚಿಟ್ಟೆಯ ಚಿತ್ರಕ್ಕೆ ಬಾಣದ ಗುರುತು ಹಾಕುತ್ತದೆ. ಮನೆಯಲ್ಲಿ ಕಂಡದ್ದು ಅರಿವಲ್ಲ, ಹೊರಗಿನಿಂದ ಬಂದದ್ದೇ ಅರಿವು ಎಂಬ ಭಾವನೆ ಬೇರೂರುವುದು ಹೀಗೆಯೇ. ಶಾಲೆಯ ಅರಿವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಆ ಮಾತು ತರಗತಿಯನ್ನು ಪೂರ್ಣವಾಗಿ ತಲುಪಬೇಕಾಗಿದೆ.

ಮಳೆಯನ್ನೂ ಅಳೆಯಬಹುದು. ನೇರ ಗೋಡೆಯ ಒಂದು ಡಬ್ಬಿ, ಒಂದು ಅಳತೆಪಟ್ಟಿ ಸಾಕು. 10 ಮಿಲಿಮೀಟರ್ ಮಳೆ ಬಿದ್ದರೆ 100 ಚದರ ಮೀಟರ್ ಚಾವಣಿಯ ಮೇಲೆ 1,000 ಲೀಟರ್ ನೀರು ಸುರಿದಂತಾಯಿತು. ಈ ಲೆಕ್ಕ ಮಾಡಿದ ಮಗು, ನಂದಿಬೆಟ್ಟದ ಕಡೆಯಿಂದ ಹರಿದು ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರಗಳನ್ನು ದಾಟಿ ಕನಕಪುರದ ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿ ಏಕೆ ಸೊರಗಿತೆಂದು ಕೇಳದೆ ಇರಲಾರದು.

ಪಾಠ ಮುಗಿಸುವುದಕ್ಕೇ ಸಮಯವಿಲ್ಲದಿರುವಾಗ ಇದೆಲ್ಲ ಹೇಗೆ ಸಾಧ್ಯ ಎಂದು ಶಿಕ್ಷಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ಯು, ಸರ್ಕಾರಿ ಶಾಲೆಯೂ ಚಟುವಟಿಕೆಯ ಮೂಲಕ ಕಲಿಸಬಲ್ಲದು ಎಂಬುದನ್ನು ಈ ನಾಡಿಗೇ ತೋರಿಸಿತು. ವಾರಕ್ಕೆ ಅರ್ಧ ದಿನವನ್ನು ಊರಿನ ಕಲಿಕೆಗೆ ಮೀಸಲಿಟ್ಟು, ಭಾಷೆ, ಗಣಿತ, ಪರಿಸರ ಅಧ್ಯಯನ, ಚಿತ್ರಕಲೆಗಳ ಅವಧಿಗಳನ್ನು ಅಲ್ಲಿ ಕೂಡಿಸಿದರೆ ಸಮಯ ವ್ಯರ್ಥವಾಗುವುದಿಲ್ಲ. ಪೆಟ್ಟಿಗೆ ಕೊಳ್ಳುವ ಹಣದಲ್ಲಿ ಒಂದಷ್ಟನ್ನು ಕುಶಲಕರ್ಮಿಗೂ ರೇಷ್ಮೆ ಬೆಳೆಗಾರ ಮಹಿಳೆಗೂ ಗೌರವಧನವಾಗಿ ಕೊಡಬೇಕು. ಅವರೂ ಗುರುಗಳೇ.

ಇದು ಕೇವಲ ಶಾಲೆಯ ಪ್ರಶ್ನೆಯಲ್ಲ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕವು ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತದೆಂದು ವಿಜ್ಞಾನಿಗಳು ಕಂಡುಕೊಂಡ ಮೇಲೆ, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ದೇಶದಲ್ಲಿ ನಿಷೇಧಿಸಲಾಯಿತು. 2012ರಲ್ಲಿ ನಮ್ಮ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ನೋಡುವ ಕಣ್ಣು, ಪ್ರಶ್ನಿಸುವ ಮನಸ್ಸು ಇಲ್ಲದಿದ್ದರೆ ಹಕ್ಕಿಗಳು ಮರೆಯಾದ ಕಾರಣವೇ ತಿಳಿಯುತ್ತಿರಲಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಈ ಗ್ರಾನೈಟ್ ಬೆಟ್ಟಗಳನ್ನು ಕೇವಲ ಜಲ್ಲಿಯ ರಾಶಿಯೆಂದು ಕಾಣುವವರೂ ಇದ್ದಾರೆ. 2025ರಲ್ಲಿ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ವೆಂಬ ಹೆಸರು ಬಂದಿರುವಾಗ ನಗರದ ಹಸಿವೂ ಹಿಂದೆಯೇ ಬರುತ್ತಿದೆ. ಇಂದು ಮಳೆ ಅಳೆಯುವ ಮಗು ನಾಳೆ ಗ್ರಾಮಸಭೆಯಲ್ಲಿ ಕೆರೆಯ ಲೆಕ್ಕ ಕೇಳುತ್ತದೆ.

ಆದುದರಿಂದ ಪೋಷಕರೇ, ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ಎರಡು ಬೇಡಿಕೆಗಳನ್ನಿಡಿ: ವಾರಕ್ಕೆ ಅರ್ಧ ದಿನದ ಊರ ಕಲಿಕೆ, ಶಾಲೆಯ ಅಂಗಳದಲ್ಲಿ ನಾಲ್ಕು ಆಲೆ ಗಿಡ. ವಿದ್ಯಾರ್ಥಿ ಮಿತ್ರರೇ, ನಿಮ್ಮೂರಿನ ಶಾಲೆಯಲ್ಲಿ ಮೊದಲ ಮಳೆಮಾಪಕವನ್ನು ನೀವೇ ಇಟ್ಟು ಬನ್ನಿ. ಬೀರುವಿನ ಬೀಗದ ಕೈಗಾಗಿ ಕಾಯಬೇಕಾಗಿಲ್ಲ.