ನೆಲದ ಮಾತು ಆಡುವವರಿಗೆ

ಮೈಸೂರಿನ ನಮ್ಮ ಹಳೆಯ ಮನೆಯ ಮಹಡಿ ಕೋಣೆಗೆ ನಾನೇ ಲ್ಯಾಮಿನೇಟ್ ನೆಲ ಹಾಸಿದೆ ಅಂದಾಗ ಬಂದ ಮೊದಲ ಪ್ರಶ್ನೆ, ‘ಯಾಕ್ರೀ, ಕೆಲಸದವ್ರು ಯಾರೂ ಸಿಗಲಿಲ್ವಾ?’ ಎರಡನೆಯದು ಸ್ವಲ್ಪ ಮೆತ್ತಗೆ, ‘ಕೈ ಏನಾದ್ರೂ ಬಿಗಿ ಇದೆಯಾ?’ ಕೇಳಿದವರಿಬ್ಬರೂ ಕನ್ನಡ ಮೇಷ್ಟ್ರುಗಳು. ಒಬ್ಬರಂತೂ ವಚನಕಾರರ ಕಾಯಕದ ಮೇಲೆ ಪಿಎಚ್‌ಡಿ ಮಾಡಿದವರು. ಮೂರನೆಯವರು ಕವಿ. ಅವರು ದುಡ್ಡಿನ ವಿಷಯ ಎತ್ತಲಿಲ್ಲ. ‘ಅಷ್ಟು ಚೆಂದದ ರೆಡ್ ಆಕ್ಸೈಡ್ ನೆಲದ ಮೇಲೆ ಪ್ಲಾಸ್ಟಿಕ್ ಮರ ಹಾಕಿಬಿಟ್ರಾ!’ ಎಂದು ನಿಟ್ಟುಸಿರು ಬಿಟ್ಟರು.

ಈ ಮೂವರ ಜೊತೆಗೂ ನನಗೆ ಜಗಳವಿದೆ.

ಮೊದಲು ಕವಿಗಳಿಗೆ. ಅದು ಪ್ಲಾಸ್ಟಿಕ್ ಅಲ್ಲ ಸ್ವಾಮಿ. ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದಕ್ಕೂ ಮೇಲೆ ಮೆಲಮೈನಿನ ಗಟ್ಟಿ ಪದರ. 1977ರಲ್ಲಿ ಸ್ವೀಡನ್ನಿನ ಪರ್‌ಸ್ಟಾರ್ಪ್ ಕಂಪನಿ ಕಂಡುಹಿಡಿದದ್ದು. ಅಂಟಿಲ್ಲದೆ ಒಂದನ್ನೊಂದು ಕಚ್ಚಿಕೊಳ್ಳುವ ಹಲಗೆಗಳು ತೊಂಬತ್ತರ ದಶಕದಲ್ಲಿ ಬಂದವು. ನನ್ನಂಥವನು ಕೈಹಾಕುವ ಧೈರ್ಯ ಮಾಡಿದ್ದು ಅದರಿಂದಲೇ. ಮರದ ಚಿತ್ರ ಸುಳ್ಳು, ಒಪ್ಪಿದೆ. ಕೆಂಪು ನೆಲವೇನು ಭೂಮಿಯಿಂದ ಎದ್ದು ಬಂದದ್ದೇ? ಅದೂ ಸಿಮೆಂಟಿಗೆ ಬಣ್ಣದ ಪುಡಿ ಕಲಸಿ ಮಾಡಿದ್ದು. ನಮ್ಮ ಕೋಣೆಯಲ್ಲಿ ಮೂರು ಕಡೆ ಬಾಯಿಬಿಟ್ಟಿತ್ತು. ಉಳಿದ ಕಡೆ ಇದ್ದ ಹೊಳಪು ಅಮ್ಮ ನಲವತ್ತು ವರ್ಷ ಮಂಡಿಯೂರಿ ಒರೆಸಿದ್ದರ ಹೊಳಪು. ನಮ್ಮ ಪ್ರಬಂಧಗಳಲ್ಲಿ ಸಗಣಿ ಸಾರಿಸಿದ ಅಂಗಳ, ತಣ್ಣನೆಯ ಕೆಂಪು ನೆಲ ಎಷ್ಟು ಸಲ ಬರುತ್ತವೆ! ಸಾರಿಸಿದವಳ ಮಂಡಿ ನೋವು ಬರುವುದು ಅಪರೂಪ. ನಾನೂ ಅಂಥ ಎರಡು ಪ್ರಬಂಧ ಬರೆದವನು, ಅದಕ್ಕೇ ಗೊತ್ತು.

ಇನ್ನು ಮೇಷ್ಟ್ರುಗಳು. ‘ಕೆಲಸದವ್ರು ಸಿಗಲಿಲ್ವಾ’ ಅನ್ನುವುದರ ಒಳಗೆ ಇನ್ನೊಂದು ಪ್ರಶ್ನೆ ಕೂತಿದೆ: ಇದು ನಮ್ಮಂಥವರು ಮಾಡುವ ಕೆಲಸವೇ? ಈ ‘ನಮ್ಮಂಥವರು’ ಯಾರು ಎಂದು ಕೇಳಿದರೆ ಮಾತು ನೇರ ಜಾತಿಗೆ ಹೋಗಿ ನಿಲ್ಲುತ್ತದೆ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಬಗ್ಗೆ ಸೆಮಿನಾರು ಮಾಡುತ್ತೇವೆ, ಹಗ್ಗ ಹಿಡಿಯಲು ಆಳು ಕರೆಯುತ್ತೇವೆ. ನೆಲಮೂಲ, ನೆಲದ ದನಿ, ನೆಲದ ಕಥನ ಎಂದು ನಮ್ಮ ವಿಮರ್ಶೆ ಮೂರು ಹೊತ್ತೂ ನೆಲವನ್ನೇ ಜಪಿಸುತ್ತದೆ. ಟೇಪು ಹಿಡಿದು ನೆಲಕ್ಕೆ ಕೂತವನನ್ನು ಕಂಡರೆ ಮಾತ್ರ ಮುಜುಗರ.

ಕೂತಾಗ ಏನಾಗುತ್ತದೆ ಹೇಳುತ್ತೇನೆ. 11 ಅಡಿಗೆ 12 ಅಡಿ ಕೋಣೆ, 8 ಮಿ.ಮೀ. ದಪ್ಪದ ಹಲಗೆ, 18 ಸಾಲು. ಪೆಟ್ಟಿಗೆಗಳನ್ನು ತಂದು ಎರಡು ದಿನ ಅದೇ ಕೋಣೆಯಲ್ಲಿ ಸುಮ್ಮನೆ ಇಡಬೇಕು, ಆ ಕೋಣೆಯ ಹವೆ ಹಲಗೆಗೆ ಒಗ್ಗಲಿ ಎಂದು. ಬಿರುಕುಗಳನ್ನು ತುಂಬಿ ಮಟ್ಟ ಮಾಡಿ, ಪಾಲಿಥೀನ್ ಹಾಳೆ, ಅದರ ಮೇಲೆ ತೆಳ್ಳನೆಯ ಫೋಮು ಹಾಸಿದೆ. ಮೊದಲ ಸಾಲಿಗೇ ಒಂದು ಬೆಳಗು ಹೋಯಿತು, ಏಕೆಂದರೆ ಹುಟ್ಟಿದಾಗಿನಿಂದ ನೋಡುತ್ತಿದ್ದ ಗೋಡೆ ನೆಟ್ಟಗಿಲ್ಲ ಎಂದು ಅವತ್ತೇ ತಿಳಿದದ್ದು. ಈ ತುದಿಗೂ ಆ ತುದಿಗೂ 2 ಸೆಂ.ಮೀ. ವ್ಯತ್ಯಾಸ! ಹಲಗೆಯನ್ನು ಓರೆಯಾಗಿ ಹಿಡಿದು ಕಚ್ಚಿಸಿ ಕೆಳಗೆ ಒತ್ತಬೇಕು. ನಡುವೆ ಒಂದು ಕಾಳು ಮರಳು ಕೂತರೂ ಅದು ಕೂರುವುದಿಲ್ಲ. ಒಂದು ಸಾಲಿನ ಜಾಯಿಂಟು ಪಕ್ಕದ ಸಾಲಿನ ಜಾಯಿಂಟಿನಿಂದ 30 ಸೆಂ.ಮೀ. ಆದರೂ ಸರಿದಿರಬೇಕು. ಕೊನೆಯ ಸಾಲನ್ನು ಉದ್ದುದ್ದಕ್ಕೆ ಸೀಳಬೇಕು. ಮೂರು ಹಲಗೆ ಹಾಳು ಮಾಡಿದೆ. ಬಲ್ಲವನು ಒಂದೇ ದಿನಕ್ಕೆ ಮುಗಿಸುವ ಕೆಲಸಕ್ಕೆ ನಾನು ಮೂರು ದಿನ ತೆಗೆದುಕೊಂಡೆ. ಕನಿಷ್ಠ ವೇತನದ ಸರ್ಕಾರಿ ಪಟ್ಟಿಯಲ್ಲಿ ‘ಅಕುಶಲ’ ಎಂಬ ಒಂದು ಕಾಲಮ್ ಇದೆ. ಅಲ್ಲಿ ನನ್ನ ಹೆಸರು ಸಲೀಸಾಗಿ ಸೇರಬಹುದು.

‘ನೀವು ಒಬ್ಬ ಕೂಲಿಯವರ ಒಂದು ದಿನದ ಅನ್ನ ಕಿತ್ತುಕೊಂಡಿರಿ ಸಾರ್’ ಎಂದವಳು ಒಬ್ಬ ವಿದ್ಯಾರ್ಥಿನಿ. ಇದೊಂದೇ ನನ್ನನ್ನು ನಿಜವಾಗಿ ಚುಚ್ಚಿದ ಮಾತು. ಪೂರ್ತಿ ಉತ್ತರ ನನ್ನ ಬಳಿ ಇಲ್ಲ. ಆದರೆ ಕೂಲಿಯವರ ಅನ್ನದ ಬಗ್ಗೆ ಅಷ್ಟು ಮರುಗುವ ನಾವೇ ಚದರಡಿಗೆ ಎರಡು ರೂಪಾಯಿ ಇಳಿಸಲು ಅರ್ಧ ಗಂಟೆ ಚೌಕಾಸಿ ಮಾಡುತ್ತೇವೆ. ನಾನೂ ಮಾಡುತ್ತಿದ್ದೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ, ಬೆನ್ನು ಇನ್ನೂ ನೋಯುತ್ತಿದೆ.

ಮಾರ್ಚಿಯಲ್ಲಿ ಹಾಸಿದ್ದು. ಜುಲೈ ಮಳೆಗೆ ಬಾಗಿಲ ಹತ್ತಿರ ನೆಲ ಉಬ್ಬಿತು, ಕಾಲಿಟ್ಟರೆ ಟಪ್ ಎನ್ನುತ್ತಿತ್ತು. ಕಿಟಕಿ ರಿಪೇರಿಗೆ ಬಂದ ಬಡಗಿ ಹೆಬ್ಬೆರಳಿನಲ್ಲಿ ಒಮ್ಮೆ ಒತ್ತಿ ನೋಡಿ, ‘ಇಲ್ಲಿ ಗೋಡೆಗೆ ತಾಗಿಸಿಬಿಟ್ಟಿದ್ದೀರ ಸಾರ್, ಜಾಗ ಬಿಟ್ಟಿಲ್ಲ’ ಎಂದ. ನಿಜ. ಮೂರು ಕಡೆ 8 ಮಿ.ಮೀ. ಬಿಟ್ಟಿದ್ದೆ, ಬಾಗಿಲ ಕಡೆ ಮಾತ್ರ ಚೆಂದ ಕಾಣಲಿ ಎಂದು ಒತ್ತಿ ಕೂರಿಸಿದ್ದೆ. ತೇವಕ್ಕೆ ಹಿಗ್ಗಿದ ಹಲಗೆ ಎಲ್ಲಿಗೆ ಹೋಗಬೇಕು? ಸ್ಕರ್ಟಿಂಗ್ ಕಿತ್ತು, ಅಂಚು ಕೊಯ್ದು ಸರಿಮಾಡಿದೆ. ಅವನು ನಿಂತು ನೋಡಿದ, ನಾನು ಗರಗಸ ಹಿಡಿದದ್ದಕ್ಕೆ ನಗಲಿಲ್ಲ.

ಅಮ್ಮ ಮಾತ್ರ ದುಡ್ಡು ಕೇಳಲಿಲ್ಲ, ಕೆಂಪು ನೆಲಕ್ಕೆ ಮರುಗಲೂ ಇಲ್ಲ. ಮೆಟ್ಟಿಲು ಹತ್ತಿ ಬಂದು, ಬಗ್ಗಿ, ಜಾಯಿಂಟಿನ ಮೇಲೆ ಉಗುರು ಎಳೆದು ಕೇಳಿದಳು: ‘ಒದ್ದೆ ಬಟ್ಟೆಲಿ ಒರೆಸ್ಬಹುದಾ ಇದನ್ನ?’

‘ಚೆನ್ನಾಗಿ ಹಿಂಡಿ ಒರೆಸ್ಬೇಕಮ್ಮ. ನೀರು ನಿಂತ್ರೆ ಉಬ್ಬುತ್ತೆ.’

‘ಹಾಗಾದ್ರೆ ನೀನೇ ಒರೆಸ್ಕೋ’ ಎಂದು ಕೆಳಗೆ ಹೋದಳು.