ನಾಚಿಕೆಗೆ ಕಟ್ಟಿದ ಬೆಲೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬಡಾವಣೆಯಲ್ಲಿ ನಮಗೆ ಪರಿಚಯದ ಒಂದು ಮನೆಯಿದೆ. ತಂದೆ ಮೂವತ್ತು ವರ್ಷಗಳಿಂದ ಭಟ್ಟಿಯ ಬೆಂಕಿಯ ಮುಂದೆ ನಿಂತು ಮಂಡಕ್ಕಿ ಹುರಿದವರು. ಮಗ ಮೊಬೈಲ್ ರಿಪೇರಿ ಅಂಗಡಿಯಲ್ಲಿ ತಿಂಗಳಿಗೆ 14,000 ರೂಪಾಯಿ ದುಡಿಯುವ 26ರ ಹುಡುಗ. ರಮಝಾನಿನಲ್ಲಿ ಇಫ್ತಾರಿಗೆಂದು ಹೋಗಿದ್ದಾಗ ತಾಯಿಯ ಕೈಯಲ್ಲಿ ಬಳೆಗಳು ಇರಲಿಲ್ಲ. ಮಗಳ ಮದುವೆಗೆ ಇಟ್ಟಿರಾ, ಯಾರಿಗಾದರೂ ಕಾಯಿಲೆಯೇ ಎಂದು ಕೇಳಿದೆವು. ಆ ತಾಯಿ ಮಗನ ತಲೆಯ ಕಡೆ ಕಣ್ಣು ಹಾಯಿಸಿ ಸುಮ್ಮನಾದರು. ಹುಡುಗ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

ನಡೆದದ್ದು ಇಷ್ಟು. ಹುಡುಗನ ಕೂದಲು 22ರ ಹೊತ್ತಿಗೇ ಹಣೆಯಿಂದ ಹಿಂದೆ ಸರಿಯತೊಡಗಿತ್ತು. ಉಚಿತ ಪರೀಕ್ಷೆಯೆಂಬ ಜಾಹೀರಾತು ನೋಡಿ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದ. ಅಲ್ಲಿ ಬಿಳಿ ಕೋಟು ತೊಟ್ಟವರೊಬ್ಬರು ಪುಟ್ಟ ಕ್ಯಾಮೆರಾವನ್ನು ಅವನ ನೆತ್ತಿಗೆ ಹಿಡಿದು ದೊಡ್ಡ ಪರದೆಯ ಮೇಲೆ ತೋರಿಸಿದರು. ಅವರು ಡಾಕ್ಟರಲ್ಲ, ಸಲಹೆಗಾರರು ಎಂಬುದು ಅವನಿಗೆ ಗೊತ್ತಾದದ್ದು ಬಹಳ ದಿನಗಳ ನಂತರ. ಆರು ತಿಂಗಳು ತಡ ಮಾಡಿದರೆ ಏನೂ ಮಾಡಲಾಗದು ಎಂದರು. 1,10,000 ರೂಪಾಯಿಯ ಪ್ಯಾಕೇಜು ಇವತ್ತು ಒಂದು ದಿನಕ್ಕೆ ಮಾತ್ರ 72,000 ಎಂದರು. ಕೈಯಲ್ಲಿ ಹಣವಿಲ್ಲವೆಂದಾಗ ಸಾಲದ ಕಂಪನಿಯ ಕಾಗದ ಮೊಬೈಲಿನಲ್ಲೇ ತಯಾರಾಯಿತು. ತಿಂಗಳಿಗೆ 6,000ದಂತೆ 12 ಕಂತು. ಮನೆಯಲ್ಲಿ ಹೇಳಿರಲಿಲ್ಲ. ಮೂರು ಕಂತು ತಪ್ಪಿದಾಗ ವಸೂಲಿಯವರ ಫೋನು ಪಕ್ಕದ ಮನೆಗೆ ಬಂತು. ಬಳೆಗಳು ಹೋದದ್ದು ಆಗ. ವರ್ಷದ ಕೊನೆಗೆ ಕೂದಲು ಬಂತೇ? ಇಲ್ಲ. ನಿನ್ನದು ಮುಂದುವರಿದ ಹಂತ, ಇನ್ನು ಕೂದಲು ಕಸಿಯೊಂದೇ ದಾರಿ ಎಂಬ ಹೊಸ ಚೀಟಿ ಬಂತು.

ಇದನ್ನು ಬರೆಯುತ್ತಿರುವುದು ಆ ಹುಡುಗನನ್ನು ದಡ್ಡ ಎನ್ನುವುದಕ್ಕಲ್ಲ. ಅವನು ದಡ್ಡನಲ್ಲ, ಕೈಗೆ ಕೊಟ್ಟ ಯಾವ ಫೋನನ್ನಾದರೂ ಬಿಚ್ಚಿ ಜೋಡಿಸಬಲ್ಲವನು. ಅಂಥವನು ಐದು ತಿಂಗಳ ಸಂಬಳಕ್ಕಿಂತ ಹೆಚ್ಚಿನ ಹಣವನ್ನು ಕಣ್ಣುಮುಚ್ಚಿ ಯಾಕೆ ಕೊಟ್ಟ? ಅವನು ಕೊಂಡದ್ದಾದರೂ ಏನನ್ನು?

ವಿಜ್ಞಾನ ಹೇಳುವ ಮಾತು ಸರಳವಾಗಿದೆ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ, ದಿನಕ್ಕೆ 50ರಿಂದ 100 ಉದುರುವುದು ಸಹಜ. ಗಂಡಸರ ಹಣೆ ಮತ್ತು ನೆತ್ತಿ ಬರಿದಾಗುವುದಕ್ಕೆ ಮುಖ್ಯ ಕಾರಣ ವಂಶವಾಹಿ ಮತ್ತು ದೇಹದ ಹಾರ್ಮೋನು. ಟೋಪಿ ಹಾಕಿದ್ದಕ್ಕಲ್ಲ, ಊರಿನ ಬೋರ್‌ವೆಲ್ ನೀರಿನಿಂದಲ್ಲ, ಗಲ್ಫಿಗೆ ಹೋದವರು ದೂರುವ ಅಲ್ಲಿಯ ನಲ್ಲಿ ನೀರಿನಿಂದಲೂ ಅಲ್ಲ. ಇದಕ್ಕೆ ಪರೀಕ್ಷೆಯಲ್ಲಿ ಗೆದ್ದ ಔಷಧಿಗಳು ಮುಖ್ಯವಾಗಿ ಎರಡು. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. 1988ರಲ್ಲಿ ಅಮೆರಿಕ ಅದನ್ನು ತಲೆಗೆ ಹಚ್ಚಲು ಒಪ್ಪಿತು. ಫಿನಾಸ್ಟರೈಡ್ ಪ್ರಾಸ್ಟೇಟ್ ಗ್ರಂಥಿಯ ಔಷಧಿಯಾಗಿತ್ತು. 1997ರಲ್ಲಿ ಬೋಳುತನಕ್ಕೂ ಒಪ್ಪಿಗೆ ಸಿಕ್ಕಿತು. ಎರಡರ ಪೇಟೆಂಟೂ ಮುಗಿದು ಬಹಳ ಕಾಲವಾಯಿತು. ಹತ್ತಾರು ಕಂಪನಿಗಳು ತಯಾರಿಸುವ ಇವು ಮೆಡಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಉದುರುವುದನ್ನು ಇವು ತಡೆಯುತ್ತವೆ, ಕೆಲವರಲ್ಲಿ ಒಂದಿಷ್ಟು ಬೆಳೆಸುತ್ತವೆ; ಬಿಟ್ಟರೆ ಮತ್ತೆ ಉದುರುತ್ತದೆ. ಅಡ್ಡಪರಿಣಾಮಗಳೂ ಇರುವುದರಿಂದ ವೈದ್ಯರನ್ನು ಕೇಳದೆ ನುಂಗುವಂಥವಲ್ಲ. ಹುಡುಗನ ಪ್ಯಾಕೇಜಿನ ಬಾಟಲಿಯ ಮೇಲೆ ಕ್ಲಿನಿಕ್ಕಿನ ಹೆಸರು ದೊಡ್ಡದಾಗಿತ್ತು. ಸಣ್ಣ ಅಕ್ಷರಗಳಲ್ಲಿ ಓದಿದರೆ ಇದ್ದದ್ದು ಅದೇ ಮಿನಾಕ್ಸಿಡಿಲ್.

ಉಳಿದ ಹಣ ಎಲ್ಲಿಗೆ ಹೋಯಿತು? ಅವನದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಒಂದು ಅಂಶವನ್ನು ನೆತ್ತಿಗೆ ಚುಚ್ಚುವ ಪಿಆರ್‌ಪಿ ಎಂಬ ವಿಧಾನಕ್ಕೆ ಆರು ಸಲ. ಕೆಲವರಿಗೆ ಇದರಿಂದ ಉಪಯೋಗವಾಗಿದೆ ಎನ್ನುವ ಅಧ್ಯಯನಗಳಿವೆ, ಆಗಿಲ್ಲ ಎನ್ನುವುವೂ ಇವೆ. ಎಷ್ಟು ರಕ್ತ, ಎಷ್ಟು ಸಲ, ಹೇಗೆ ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಒಂದೇ ಪದ್ಧತಿಯಿಲ್ಲ. ಹೀಗಿರುವಾಗ ಆರು ಸಲದ ಹಣವನ್ನು ಮೊದಲೇ ಕಟ್ಟಿಸಿಕೊಳ್ಳುವುದು ಯಾವ ನ್ಯಾಯ? ಜ್ವರಕ್ಕೆ ಹೋದರೆ ಡಾಕ್ಟರು ಮೂರು ದಿನದ ಮಾತ್ರೆ ಕೊಟ್ಟು, ಆಮೇಲೆ ಬಂದು ತೋರಿಸಿ ಎನ್ನುತ್ತಾರೆ. ಇಲ್ಲಿ ಗುಣ ಕಾಣುವ ಮೊದಲೇ ವರ್ಷದ ಹಣ ವಸೂಲಾಗುತ್ತದೆ.

ಇನ್ನು ಕಸಿಯ ಲೆಕ್ಕ. ತಲೆಯ ಹಿಂಭಾಗದಿಂದ ಕೂದಲಿನ ಬುಡಗಳನ್ನು ತೆಗೆದು ಮುಂದೆ ನೆಡುತ್ತಾರೆ, ಒಂದೊಂದು ಬುಡಕ್ಕೂ ಬೆಲೆ. ಒಂದಕ್ಕೆ 40 ರೂಪಾಯಿ ಎಂದಿಟ್ಟುಕೊಂಡರೂ 3,000 ಬುಡಗಳಿಗೆ 1,20,000 ಆಯಿತು. ಎಣಿಸುವವರೂ ಅವರೇ, ನೆಡುವವರೂ ಅವರೇ; ಮಲಗಿದವನು ಎಣಿಸಲಾರ. ನೆಟ್ಟದ್ದು ಉಳಿದರೂ ಸುತ್ತಲಿನ ಹಳೆಯ ಕೂದಲು ಉದುರುವುದು ನಿಲ್ಲುವುದಿಲ್ಲ, ಔಷಧಿ ಮುಂದುವರಿಸಲೇಬೇಕು. ಕತ್ತರಿ ಯಾರ ಕೈಯಲ್ಲಿದೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ದೆಹಲಿಯಲ್ಲಿ ಕೂದಲು ಕಸಿಯ ನಂತರ ತೀರಿಕೊಂಡ ಯುವಕನೊಬ್ಬನ ತಾಯಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಹೇಳಬೇಕಾಯಿತು. ಅದಾದ ಮೇಲೂ ಕಾನ್ಪುರದಲ್ಲಿ ಇಬ್ಬರು ಎಂಜಿನಿಯರುಗಳು ಕಸಿಯ ನಂತರ ಸತ್ತ ಸುದ್ದಿ 2025ರಲ್ಲಿ ಬಂತು. ಅಲ್ಲಿ ಆರೋಪ ಬಂದದ್ದು ಹಲ್ಲಿನ ವೈದ್ಯೆಯೊಬ್ಬರ ಮೇಲೆ.

ಕಾನೂನು ಇಲ್ಲವೆಂದಲ್ಲ. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಎಂಬ ಪಟ್ಟಿಯಿದೆ. ಅದರಲ್ಲಿರುವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆಂದು ಯಾವ ಔಷಧಿಯೂ ಹೇಳಿಕೊಳ್ಳುವಂತಿಲ್ಲ. ಕ್ಯಾನ್ಸರಿನ ಜೊತೆಗೆ ಬೋಳುತನವೂ ಆ ಪಟ್ಟಿಯಲ್ಲಿದೆ, ಹೊಸ ಕೂದಲು ಬೆಳೆಸುವುದೂ ಇದೆ. ಹಾಗಾದರೆ ಬಸ್ಸಿನ ಬೆನ್ನಿಗೆ, ಗೋಡೆಗೆ ಅಂಟಿಸಿದ ಆ ಭರವಸೆಗಳೆಲ್ಲ ಏನು? 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಕ್ಲಿನಿಕ್ಕುಗಳು ನೋಂದಣಿ ಮಾಡಿಸಿ, ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು. ಆ ಕಾಯ್ದೆಯನ್ನು ಬಿಗಿಗೊಳಿಸಲು ಹೊರಟಾಗ 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಓದುಗರಿಗೆ ನೆನಪಿರಬಹುದು. ನಮ್ಮ ಹುಡುಗ ಹೋದ ಕ್ಲಿನಿಕ್ಕಿನ ಗೋಡೆಯ ಮೇಲೆ ಸಿನಿಮಾ ನಟರ ಕೂದಲಿತ್ತು, ದರಪಟ್ಟಿ ಇರಲಿಲ್ಲ. ಇನ್ನೊಂದು ತಮಾಷೆ ನೋಡಿ. ಆರೋಗ್ಯ ಸೇವೆಗೆ ಜಿಎಸ್‌ಟಿಯಿಂದ ವಿನಾಯಿತಿಯಿದೆ, ಆದರೆ ಹುಟ್ಟಿನ ದೋಷವೋ ಅಪಘಾತವೋ ಇಲ್ಲದಿದ್ದರೆ ಕೂದಲು ಕಸಿಗೆ ಆ ವಿನಾಯಿತಿಯಿಲ್ಲ. ಅಂದರೆ ಕ್ಲಿನಿಕ್ಕಿನ ಒಳಗೆ ಇದು ಕೂಡಲೇ ಚಿಕಿತ್ಸೆ ಬೇಕಾದ ರೋಗ, ತೆರಿಗೆಯ ಲೆಕ್ಕದಲ್ಲಿ ಬರೀ ಅಲಂಕಾರ. ಹೆದರಿಕೆ ರೋಗದ್ದು, ಬೆಲೆ ಅಲಂಕಾರದ್ದು.

ಹೆಂಗಸರ ಕಥೆ ಬೇರೆ, ವಂಚನೆ ಅದೇ. ಟೈಫಾಯ್ಡ್, ಡೆಂಗ್ಯೂ, ಬಾಣಂತನ ಕಳೆದು ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ, ಮತ್ತೆ ಕೆಲವು ತಿಂಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಕೊರೋನಾ ಬಂದು ಹೋದವರಲ್ಲೂ ಹೀಗೇ ಆಯಿತು. ತಾನೇ ಬರಲಿದ್ದ ಕೂದಲಿಗೆ ಹತ್ತಾರು ಸಾವಿರ ಕಟ್ಟಿ, ಬಂದಾಗ ಕ್ಲಿನಿಕ್ಕಿಗೆ ದುವಾ ಮಾಡಿದವರನ್ನು ನಾವು ಬಲ್ಲೆವು. ಇನ್ನು ಹಲವರಲ್ಲಿ ಕಾರಣ ರಕ್ತಹೀನತೆ, ಇಲ್ಲವೇ ಥೈರಾಯ್ಡ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಅವರಿಗೆ ಬೇಕಾದದ್ದು ಒಂದು ರಕ್ತ ಪರೀಕ್ಷೆ, ಕಬ್ಬಿಣಾಂಶದ ಮಾತ್ರೆ, ಎರಡು ಹೊತ್ತು ಸರಿಯಾದ ಊಟ. ಮನೆಯವರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಹೆಣ್ಣಿಗೆ ಶ್ಯಾಂಪೂ ಪ್ಯಾಕೇಜು ಮಾರುವುದು ಎಂಥ ವೈದ್ಯ?

ಬಾಡಿಗೆ, ಯಂತ್ರ, ಸಂಬಳಗಳಿಗೆ ಖರ್ಚಿಲ್ಲವೇ, ಅವನ ತಲೆ, ಅವನ ದುಡ್ಡು, ನಿಮಗೇನು ಎಂದು ಕೇಳುವವರಿದ್ದಾರೆ. ಚರ್ಮವೈದ್ಯರ ಶುಲ್ಕದ ಬಗ್ಗೆ ನಮ್ಮ ತಕರಾರಿಲ್ಲ. ವರ್ಷಗಟ್ಟಲೆ ಓದಿ, ನಿನ್ನದು ವಂಶದಿಂದ ಬಂದದ್ದು, ಇಷ್ಟು ಸಾಧ್ಯ, ಇಷ್ಟು ಸಾಧ್ಯವಿಲ್ಲ ಎಂದು ನೇರವಾಗಿ ಹೇಳುವ ವೈದ್ಯರು ನಮ್ಮ ಊರುಗಳಲ್ಲೇ ಇದ್ದಾರೆ. ತಿಳಿದು ಕೊಟ್ಟರೆ ಅವನ ದುಡ್ಡು ಅವನಿಷ್ಟ, ಅದೂ ನಿಜ. ಆದರೆ ಒಟ್ಟು ಬೆಲೆ ತಿಳಿಸದೆ, ಯೋಚಿಸಲು ಒಂದು ರಾತ್ರಿಯನ್ನೂ ಕೊಡದೆ, ಹೆದರಿಸಿ ಸಹಿ ಹಾಕಿಸಿಕೊಂಡದ್ದು ಇಷ್ಟ ಹೇಗಾದೀತು?

ಈಗ ನಮ್ಮ ಕಡೆಗೇ ತಿರುಗೋಣ. ಕ್ಲಿನಿಕ್ಕಿನವರು ಹೆದರಿಕೆಯನ್ನು ಮಾರುತ್ತಾರೆ, ನಿಜ. ಆ ಹೆದರಿಕೆಯನ್ನು ತಯಾರಿಸಿ ಕೊಟ್ಟವರು ಯಾರು? ಆ ಹುಡುಗನಿಗೆ ಎರಡು ಸಂಬಂಧಗಳು ಬಂದು ತಪ್ಪಿದ್ದವು. ಒಂದು ಮನೆಯವರು ಹುಡುಗನಿಗೆ ವಯಸ್ಸಾದಂತಿದೆ ಎಂದರು. ಇನ್ನೊಂದು ಮನೆಯ ಹೆಂಗಸರು ಟೋಪಿ ತೆಗೆಸಿ ನೋಡಿದರು. ಗಂಜಾ ಎಂಬ ಅಡ್ಡಹೆಸರು ಅವನಿಗೆ ಮೊಹಲ್ಲಾದಲ್ಲಿ ಮೊದಲೇ ಇತ್ತು. ಹೆಣ್ಣು ನೋಡಲು ಹೋದಾಗ ದುಪಟ್ಟಾ ಸರಿಸಿ ಜಡೆಯ ದಪ್ಪ ಅಳೆಯುವ ನಮ್ಮ ತಾಯಂದಿರಿಗೂ ಇದರಲ್ಲಿ ಪಾಲಿದೆ. ಬೋಳುತಲೆಯ ಉಪನ್ಯಾಸಕನೊಬ್ಬ ಹೆಣ್ಣು ಹುಡುಕುವ ಪಾಡನ್ನು ರಾಜ್ ಬಿ. ಶೆಟ್ಟಿಯವರು 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ ಸಿನಿಮಾ ಮಾಡಿದಾಗ ನಾವೆಲ್ಲ ನಕ್ಕೆವು, ಮೆಚ್ಚಿದೆವು. ಮನೆಗೆ ಬಂದು ನಮ್ಮ ಹುಡುಗಿಗೆ ಮಾತ್ರ ತಲೆತುಂಬ ಕೂದಲಿನ ಗಂಡನ್ನೇ ಹುಡುಕಿದೆವು. ಕಥೆ ಬರೆಯುವ ನಮ್ಮದೂ ತಪ್ಪಿದೆ. ಬಡ್ಡಿ ಸಾಹುಕಾರನನ್ನೋ ಜಿಪುಣ ಮುತವಲ್ಲಿಯನ್ನೋ ಚಿತ್ರಿಸಬೇಕಾದಾಗ ಸುಲಭವಾಗಿ ನಗು ಬರಲೆಂದು ಅವನ ತಲೆ ಬೋಳಿಸಿದ್ದೇವೆ. ಅವನ ಬಡ್ಡಿಗಿಂತ ಅವನ ತಲೆಯೇ ಓದುಗರ ನೆನಪಿನಲ್ಲಿ ಉಳಿಯಿತು.

ಬನೀ ಇಸ್ರಾಯೀಲರ ಮೂವರ ಕಥೆ ಬುಖಾರಿ, ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿದೆ. ಒಬ್ಬ ಕುಷ್ಠರೋಗಿ, ಒಬ್ಬ ಬೋಳುತಲೆಯವ, ಒಬ್ಬ ಕುರುಡ. ಮಲಕ್ ಬಂದು ಏನು ಬೇಕೆಂದು ಕೇಳಿದಾಗ ಬೋಳುತಲೆಯವನು ಚೆಂದದ ಕೂದಲನ್ನು ಬೇಡಿದ್ದಷ್ಟೇ ಅಲ್ಲ, ಜನರು ತನ್ನನ್ನು ಹೇಸುವುದು ತಪ್ಪಬೇಕೆಂದೂ ಬೇಡಿದ. ಮಲಕ್ ಅವನನ್ನು ಗದರಲಿಲ್ಲ. ತಲೆ ಸವರಿದ, ಕೂದಲು ಬಂತು. ಜೊತೆಗೆ ಗಬ್ಬದ ಹಸುವೂ ಸಿಕ್ಕಿತು. ಮುಂದೆ ಅದೇ ಮಲಕ್ ಬೋಳುತಲೆಯ ಬಡವನಾಗಿ ಬಂದು ಕೈಚಾಚಿದಾಗ ಅವನು ತನ್ನ ಹಳೆಯ ದಿನ ಮರೆತು ಅಟ್ಟಿದ, ಮತ್ತೆ ಮೊದಲಿನಂತಾದ. ಕೂದಲಿನ ಆಸೆ ತಪ್ಪೆಂದು ಈ ಕಥೆ ಹೇಳುವುದಿಲ್ಲ. ಜನರ ಹೇಸಿಗೆ ಎಷ್ಟು ನೋಯಿಸುತ್ತದೆಂದು ಹೇಳುತ್ತದೆ, ನೋವು ಕಂಡವನೇ ಇನ್ನೊಬ್ಬನ ನೋವಿಗೆ ಬೆನ್ನು ತಿರುಗಿಸುವುದು ದೊಡ್ಡ ತಪ್ಪೆಂದು ಹೇಳುತ್ತದೆ. ಹಜ್ ಮುಗಿಸಿ ಲಕ್ಷಾಂತರ ಗಂಡಸರು ತಲೆ ಬೋಳಿಸಿಕೊಂಡು ನಿಲ್ಲುತ್ತಾರೆ, ತಿರುಪತಿಯಲ್ಲಿ ಹೆಂಗಸರೂ ಮುಡಿ ಕೊಟ್ಟು ಬರುತ್ತಾರೆ. ಅಲ್ಲಿ ಇಲ್ಲದ ನಾಚಿಕೆ ನಮ್ಮ ಓಣಿಯಲ್ಲಿ ಎಲ್ಲಿಂದ ಬಂತು?

ಸರ್ಕಾರಕ್ಕೆ ನಮ್ಮ ಬೇಡಿಕೆ ದೊಡ್ಡದಲ್ಲ. ಕಾಯ್ದೆಯಲ್ಲಿರುವ ದರಪಟ್ಟಿಯನ್ನು ಗೋಡೆಗೆ ಹಾಕಿಸಿ. ಚಿಕಿತ್ಸೆ ನೀಡುವ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಬಿಲ್ಲಿನಲ್ಲಿರಲಿ. ಕ್ಲಿನಿಕ್ಕಿನ ಮೇಜಿನ ಮೇಲೆ ಸಾಲ ಮಾರುವುದನ್ನು ನಿಲ್ಲಿಸಿ. ಕೂದಲು ಉದುರಿತೆಂದು ಕಂಗೆಟ್ಟವರು ಮೊದಲು ಬೆಂಗಳೂರಿನ ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೆ ಹೋಗಲಿ. ಕೆಲವೇ ರೂಪಾಯಿಯ ಚೀಟಿಗೆ ತಜ್ಞರು ನೋಡುತ್ತಾರೆ. ಮೋಸ ಹೋದವರು ರಸೀದಿಗಳನ್ನು ಎಸೆಯಬೇಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ಹಣ ಪಡೆದು ಕೊಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ.

ಉಳಿದ ಕೆಲಸ ನಮ್ಮದು. ನಮ್ಮ ಜಮಾತುಗಳಲ್ಲಿ ವರದಕ್ಷಿಣೆಯ ವಿರುದ್ಧ ಖುತ್ಬಾಗಳಾಗುತ್ತವೆ. ಒಂದು ಜುಮಾದಂದು ಹುಡುಗನ ಟೋಪಿ ತೆಗೆಸಿ ನೋಡುವವರ ಬಗ್ಗೆಯೂ ಎರಡು ಮಾತು ಬರಲಿ. ಆ ಮನೆಯ ತಂದೆಯ ತಲೆಯೂ ಬೋಳು. ಮೂವತ್ತು ವರ್ಷ ಅದಕ್ಕೆ ಒದ್ದೆ ರುಮಾಲು ಸುತ್ತಿಕೊಂಡು ಬೆಂಕಿಯ ಮುಂದೆ ನಿಂತು ಮಕ್ಕಳನ್ನು ಓದಿಸಿದರು, ಅವರ ನಿಕಾಹ್‌ಗೆ ಆ ತಲೆ ಅಡ್ಡ ಬಂದಿರಲಿಲ್ಲ. ಇಫ್ತಾರಿನ ದಿನ ಅವರು ನಮ್ಮನ್ನು ಬಾಗಿಲವರೆಗೆ ಕಳಿಸಲು ಬಂದು, ಇನ್ನೂ ಎರಡು ಕಂತು ಇದೆ ಎಂದರು. ಆ ಎರಡು ಕಂತನ್ನು ಅವರು ಭಟ್ಟಿಯಲ್ಲಿ ದುಡಿದು ಕಟ್ಟುತ್ತಾರೆ. ಅದರಲ್ಲಿ ಒಂದು ನಮ್ಮೆಲ್ಲರ ಲೆಕ್ಕಕ್ಕೆ ಸೇರಬೇಕಾದದ್ದು.