ಅಳಿಸಿದವರೇ ಮಾರುತ್ತಾರೆ

“ಈಗ ಎಲ್ಲಾ ಮೊಬೈಲಿನಲ್ಲೇ ಸಿಗ್ತದಲ್ಲಾ, ಇನ್ನು ಈ ಸಿಡಿ, ಡಿವಿಡಿ, ಕ್ಯಾಸೆಟ್ಟುಗಳನ್ನು ಎಂತಕ್ಕೆ ಇಟ್ಟುಕೊಳ್ಳುವುದು?” ಈ ಮಾತು ಓದಿದವರ ಬಾಯಲ್ಲೇ ಹೆಚ್ಚು ಕೇಳಿಬರುತ್ತದೆ. ಕೇಳಿದವರೂ ಹೌದೆಂದು ತಲೆಯಾಡಿಸುತ್ತಾರೆ. ನಾನು ಆಡಿಸುವುದಿಲ್ಲ. ಯಾಕೆಂದು ಹೇಳಬೇಕಾದರೆ ಇಂಗ್ಲೆಂಡಿನ ಒಂದು ಹಳೆಯ ಸಾಹಸ ಧಾರಾವಾಹಿಯ ಕತೆ ಹೇಳಬೇಕು. ಈ ಬಗ್ಗೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.

ಧಾರಾವಾಹಿಯ ಹೆಸರು ‘ಡಾಕ್ಟರ್ ಹೂ’. ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಶುರುವಾಯಿತು. ಡಾಕ್ಟರ್ ಅಂದರೆ ಸೂಜಿ ಚುಚ್ಚುವವನಲ್ಲ. ನಿಜವಾದ ಹೆಸರೇ ಯಾರಿಗೂ ಗೊತ್ತಿಲ್ಲದ, ಬೇರೆ ಲೋಕದಿಂದ ಬಂದ ಒಬ್ಬ ಅಲೆಮಾರಿ. ಅವನ ವಾಹನ ಒಂದು ನೀಲಿ ಪೆಟ್ಟಿಗೆ. ಹೊರಗಿನಿಂದ ನೋಡಿದರೆ ಇಬ್ಬರು ನಿಂತರೆ ಮುಗಿಯಿತು, ಒಳಗೆ ಹೊಕ್ಕರೆ ಮನೆಗಿಂತ ದೊಡ್ಡದು. ಅದರಲ್ಲಿ ಕೂತು ಅವನು ಹಿಂದಿನ ಕಾಲಕ್ಕೂ ಹೋಗುತ್ತಾನೆ, ಮುಂದಿನ ಕಾಲಕ್ಕೂ ಹೋಗುತ್ತಾನೆ. ಡಾಲೆಕ್ ಎಂಬ ಯಂತ್ರರಾಕ್ಷಸರು ಬಂದರೆ ಮಕ್ಕಳು ಸೋಫಾದ ಹಿಂದೆ ಅಡಗುತ್ತಿದ್ದರು ಎನ್ನುವುದು ಅಲ್ಲಿ ಗಾದೆಯ ಹಾಗೆ ಆಗಿಬಿಟ್ಟಿದೆ. ಹೇಳಿದರೆ ನಗು ಬರಬಹುದು. ಆದರೆ ನಮ್ಮ ಯಕ್ಷಗಾನದ ರಾಕ್ಷಸವೇಷ ಕಂಡು ಅಮ್ಮನ ಸೆರಗು ಹಿಡಿದ ಮಕ್ಕಳು ಯಾವ ಊರಲ್ಲಿಲ್ಲ?

ಈ ಧಾರಾವಾಹಿಯ ಮೊದಲ ಆರು ವರ್ಷಗಳಲ್ಲಿ 253 ಕಂತುಗಳು ಬಂದವು. ಅವುಗಳ ಮೂಲ ವಿಡಿಯೋ ಟೇಪುಗಳಲ್ಲಿ ಇವತ್ತು ಒಂದೂ ಇಲ್ಲ. ಬೆಂಕಿ ಬೀಳಲಿಲ್ಲ, ನೆರೆ ಬರಲಿಲ್ಲ, ಕಳ್ಳರೂ ಕದಿಯಲಿಲ್ಲ. ಬಿಬಿಸಿಯೇ ಅಳಿಸಿತು. ಟೇಪು ದುಬಾರಿ, ಒರಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ ಎಂಬುದು ಲೆಕ್ಕ. ಹೊರದೇಶಗಳಿಗೆ ಮಾರುವುದಕ್ಕೆಂದು ಮಾಡಿಸಿದ್ದ ಫಿಲಂ ಪ್ರತಿಗಳಿದ್ದವು. ಮಾರುವ ಹಕ್ಕಿನ ಅವಧಿ ಮುಗಿದ ಮೇಲೆ ಅವೂ ಕಸವಾದವು. ಮಾರಾಟದ ವಿಭಾಗಕ್ಕೆ ಕಾಪಾಡುವುದು ತನ್ನ ಕೆಲಸವಲ್ಲ. ಫಿಲಂ ಭಂಡಾರಕ್ಕೆ ಟೇಪಿನಲ್ಲಿ ತಯಾರಾದದ್ದನ್ನು ಕಾಪಾಡುವುದು ತನ್ನ ಕೆಲಸವಲ್ಲ. ಸರಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಈ ರಾಗ ಹೊಸತಲ್ಲ.

“ಆ ಕಾಲದಲ್ಲಿ ಯಾರಿಗೆ ಗೊತ್ತಿತ್ತು ಮಾರಾಯ್ರೆ, ಮುಂದೆ ಮನೆಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುವ ಕಾಲ ಬರ್ತದೆ ಅಂತ?” ಎಂದು ಅವರ ಪರವಾಗಿ ಹೇಳುವವರಿದ್ದಾರೆ. ಟೇಪು ದುಬಾರಿಯಾಗಿದ್ದದ್ದು ನಿಜ, ಒಪ್ಪೋಣ. ಆದರೆ ಫಿಲಿಪ್ಸ್ ಕಂಪೆನಿಯ ಮನೆಬಳಕೆಯ ವಿಡಿಯೋ ರೆಕಾರ್ಡರ್ ಬಂದದ್ದು 1972ರಲ್ಲಿ. ನಾಶ ಮಾಡುವ ಕೆಲಸ ನಡೆದದ್ದು 1978ರ ತನಕ. ಆರು ವರ್ಷ ಕಣ್ಣೆದುರು ಯಂತ್ರ ಇಟ್ಟುಕೊಂಡೇ ಅಳಿಸಿದ್ದಾರೆ. ಇದಕ್ಕೆ ಅರಿವಿಲ್ಲದೆ ಆದದ್ದು ಎನ್ನುವುದು ಹೇಗೆ?

ಇನ್ನು ಉಳಿಸಿದವರು ಯಾರು ನೋಡಿ. ಟಿವಿಯ ಎದುರು ಟೇಪ್ ರೆಕಾರ್ಡರ್ ಇಟ್ಟು, ಮೈಕು ಹಿಡಿದು, ಮನೆಯವರಿಗೆ ಮಾತಾಡಬೇಡಿ ಎಂದು ಹೇಳಿ ಧ್ವನಿ ಹಿಡಿದಿಟ್ಟ ಸಾಮಾನ್ಯ ವೀಕ್ಷಕರು. ಅದರಿಂದಾಗಿ ಚಿತ್ರ ಹೋದ ಕಂತುಗಳಲ್ಲಿ ಒಂದರದ್ದೂ ಧ್ವನಿ ಹೋಗಿಲ್ಲ. ಕಾನೂನಿನ ಕಣ್ಣಿಗೆ ಅದು ಸರಿಯಾದ ಕೆಲಸವಲ್ಲ. ಹಕ್ಕಿದ್ದವರು ಒರಸಿದರು, ಹಕ್ಕಿಲ್ಲದವರು ಉಳಿಸಿದರು. ಕೊನೆಗೆ ಬಿಬಿಸಿ ಅದೇ ಧ್ವನಿಗಳನ್ನು ಚೊಕ್ಕಮಾಡಿಸಿ ಸಿಡಿ ಮಾಡಿ ಮಾರಿತು.

ಬಣ್ಣದ ಕತೆ ಇನ್ನೂ ಸ್ವಾರಸ್ಯವಾಗಿದೆ. 1970ರಲ್ಲಿ ಧಾರಾವಾಹಿ ಬಣ್ಣಕ್ಕೆ ತಿರುಗಿತು. ಆ ಬಣ್ಣದ ಟೇಪುಗಳನ್ನೂ ಬೇಕಾದಷ್ಟು ಒರಸಿದರು. ಉಳಿದದ್ದು ಟಿವಿ ಪರದೆಗೆ ಎದುರಾಗಿ ಕ್ಯಾಮೆರಾ ಹಿಡಿದು ತೆಗೆದ ಕಪ್ಪು-ಬಿಳುಪು ಫಿಲಂ. ‘ದಿ ಡೀಮನ್ಸ್’ ಎಂಬ ಕತೆಯನ್ನು ಅಮೆರಿಕದಲ್ಲಿ ಒಬ್ಬರು ತಮ್ಮ ಮನೆಯ ರೆಕಾರ್ಡರಿನಲ್ಲಿ ಬಣ್ಣದಲ್ಲೇ ಹಿಡಿದಿದ್ದರು. ಆ ಮಸುಕಾದ ಟೇಪಿನ ಬಣ್ಣವನ್ನು ತೆಗೆದು, ಕಪ್ಪು-ಬಿಳುಪು ಫಿಲಂನ ಚೊಕ್ಕ ಚಿತ್ರದ ಮೇಲೆ ಕೂರಿಸಿದರು. ಹಾಗೆ 1992ರಲ್ಲಿ ಅದು ಮತ್ತೆ ಬಣ್ಣದಲ್ಲಿ ಪ್ರಸಾರವಾಯಿತು, ಆಮೇಲೆ ಕ್ಯಾಸೆಟ್ಟಾಗಿಯೂ ಬಂತು. ಬೇರೆ ಕೆಲವು ಕಂತುಗಳಿಗೆ ಅಂಥ ಟೇಪೂ ಸಿಗಲಿಲ್ಲ. ಆಗ ಎಂಜಿನಿಯರುಗಳು ಕಪ್ಪು-ಬಿಳುಪು ಫಿಲಂ ಅನ್ನೇ ಸೂಕ್ಷ್ಮವಾಗಿ ನೋಡಿದರು. ಫಿಲಂಗೆ ಇಳಿಸುವಾಗ ಬಣ್ಣದ ಸಂಕೇತವನ್ನು ಸೋಸಿ ತೆಗೆಯದ ಕಡೆ ಸಣ್ಣ ಸಣ್ಣ ಚುಕ್ಕಿಗಳು ಉಳಿದಿದ್ದವು. ಆ ಚುಕ್ಕಿಗಳ ಲೆಕ್ಕ ಹಿಡಿದೇ ಕಳೆದುಹೋದ ಬಣ್ಣವನ್ನು ವಾಪಸು ತಂದರು. ಆ ಎಂಜಿನಿಯರುಗಳಿಗೆ ಕೈಮುಗಿಯಬೇಕು. ಆದರೆ ಇಷ್ಟು ತಪಸ್ಸು ಬೇಕಾದದ್ದು ಒಂದು ಟೇಪಿನ ಬೆಲೆ ಉಳಿಸಹೊರಟದ್ದಕ್ಕೆ ಎಂಬುದನ್ನೂ ಮರೆಯಬಾರದು.

ಫಿಲಂ ಪ್ರತಿಗಳು ಸಿಕ್ಕಿದ್ದೂ ಹೀಗೆಯೇ. ಪ್ರಸಾರ ಮುಗಿದ ಮೇಲೆ ವಾಪಸು ಕಳಿಸಬೇಕು, ಇನ್ನೊಂದು ದೇಶಕ್ಕೆ ದಾಟಿಸಬೇಕು, ಇಲ್ಲವೇ ನಾಶ ಮಾಡಬೇಕು ಎಂಬುದು ಕರಾರು. ಕರಾರು ಪಾಲಿಸಿದ ಕಡೆ ಏನೂ ಉಳಿಯಲಿಲ್ಲ. ಮರೆತು ಮೂಲೆಯಲ್ಲಿ ಬಿಟ್ಟ ಕಡೆ ಉಳಿಯಿತು. ಹಾಂಗ್‌ಕಾಂಗಿನಲ್ಲಿ ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ನ ನಾಲ್ಕೂ ಕಂತು ಸಿಕ್ಕಿ 1992ರಲ್ಲಿ ಕ್ಯಾಸೆಟ್ಟಾಯಿತು. ನೈಜೀರಿಯದ ಜೋಸ್ ಎಂಬ ಊರಿನ ಟಿವಿ ಕೇಂದ್ರದಲ್ಲಿ ಫಿಲಿಪ್ ಮಾರಿಸ್ ಎಂಬವರಿಗೆ ಸಿಕ್ಕಿದ ಒಂಬತ್ತು ಕಂತುಗಳು 2013ರಲ್ಲಿ ಹೊರಗೆ ಬಂದವು. ಅವನ್ನು ಸೇರಿಸಿದ ಮೇಲೂ ಆ ವರ್ಷದ ಲೆಕ್ಕಕ್ಕೆ 97 ಕಂತು ಬಾಕಿ.

ಈಗ ದುಡ್ಡಿನ ಮಾತು. ಬಿಬಿಸಿ ನಡೆಯುವುದು ಬ್ರಿಟನ್ನಿನ ಮನೆಗಳವರು ಕಟ್ಟುವ ಲೈಸನ್ಸ್ ಹಣದಿಂದ. ನಮ್ಮಲ್ಲೂ ಹಿಂದೆ ರೇಡಿಯೋಗೆ ಲೈಸನ್ಸ್ ಇತ್ತು, ಅಂಚೆ ಕಚೇರಿಯಲ್ಲಿ ಕಟ್ಟಬೇಕಿತ್ತು, ಹಿರಿಯರಿಗೆ ನೆನಪಿದ್ದೀತು. ಅಂದರೆ ಅಲ್ಲಿಯ ಜನ ಈ ಧಾರಾವಾಹಿಗೆ ಒಮ್ಮೆ ದುಡ್ಡು ಕೊಟ್ಟಾಗಿತ್ತು. 1983ರಲ್ಲಿ ಮೊದಲ ಕ್ಯಾಸೆಟ್ ಬಂದಾಗ ಬೆಲೆ ಸುಮಾರು 40 ಪೌಂಡು. ಅದರಲ್ಲೂ ನಾಲ್ಕು ಕಂತುಗಳನ್ನು ಕತ್ತರಿಸಿ ಒಂದೇ ಸಿನಿಮಾದ ಹಾಗೆ ಅಂಟಿಸಿದ್ದರು. ಪ್ರತಿ ಕಂತಿನ ಕೊನೆಗೆ “ಅಯ್ಯೋ, ಮುಂದೇನು?” ಎಂದು ನಿಲ್ಲುವ ಗಳಿಗೆಯೇ ಇಂಥ ಸಾಹಸಕತೆಯ ಜೀವ. ಅದನ್ನೇ ತೆಗೆದು ಮಾರಿದರು.

ಇಷ್ಟಾದರೂ ನಾನು ಕ್ಯಾಸೆಟ್ಟು, ಡಿಸ್ಕುಗಳ ಪರ. ಕಾರಣ ಕೇಳಿ. 2023ರಲ್ಲಿ ಧಾರಾವಾಹಿಗೆ ಅರುವತ್ತು ತುಂಬಿತು. ಬಿಬಿಸಿ ತನ್ನ ಇಂಟರ್ನೆಟ್ ಸೇವೆಯಲ್ಲಿ 800ಕ್ಕೂ ಹೆಚ್ಚು ಕಂತುಗಳನ್ನು ಒಟ್ಟಿಗೆ ಹಾಕಿತು. ಆದರೆ ಮೊಟ್ಟಮೊದಲ ಕತೆಯ ನಾಲ್ಕು ಕಂತು ಅದರಲ್ಲಿ ಇರಲಿಲ್ಲ! ಬರಹಗಾರರ ವಾರಸುದಾರರ ಜೊತೆ ಹಕ್ಕಿನ ವಿಷಯ ಕೂಡಿಬರಲಿಲ್ಲ. ತಪ್ಪು ಯಾರದು ಎಂಬುದು ಇಲ್ಲಿ ಮುಖ್ಯವಲ್ಲ. ಅರುವತ್ತರ ಹಬ್ಬದ ದಿನ ಮೊಬೈಲು ಹಿಡಿದವನಿಗೆ ಮೊದಲ ಕಂತು ಸಿಗಲಿಲ್ಲ. 2006ರಲ್ಲಿ ಬಂದ ಡಿವಿಡಿ ಕಪಾಟಿನಲ್ಲಿ ಇಟ್ಟುಕೊಂಡವನು ಯಾರ ಅಪ್ಪಣೆಯೂ ಇಲ್ಲದೆ ನೋಡಿದ.

“ಎಲ್ಲಾ ಸಿಗ್ತದೆ” ಎಂಬ ಮಾತಿನ ಬಂಡವಾಳ ಇಷ್ಟೇ. ಸಿಗುವುದು ಅವರು ಕೊಡುವ ತನಕ. ಕೈಯಲ್ಲಿರುವ ಡಿಸ್ಕನ್ನು ಲಂಡನ್ನಿನಲ್ಲಿ ಕೂತು ಯಾರೂ ಅಳಿಸಲಿಕ್ಕೆ ಆಗುವುದಿಲ್ಲ. ಡಿಸ್ಕೂ ಹಾಳಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಹಾಕಿ ನೋಡುವ ಯಂತ್ರವೂ ಅಂಗಡಿಯಿಂದ ಮಾಯವಾಗುತ್ತದೆ ಎನ್ನುತ್ತೀರಿ. ಸರಿ, ಅದಕ್ಕೇ ಹತ್ತು ಕಡೆ ಇರಬೇಕು, ವಾಚನಾಲಯಗಳಲ್ಲೂ ಇರಬೇಕು. ಸಾರ್ವಜನಿಕರ ದುಡ್ಡಿನಲ್ಲಿ ತಯಾರಾದದ್ದನ್ನು ಕೊಂಡು ಇಟ್ಟುಕೊಳ್ಳುವಂತೆ, ಕತ್ತರಿಸದೆ, ಕೈಗೆಟಕುವ ಬೆಲೆಗೆ ಮಾರಬೇಕು ಎಂದು ಕೇಳುವುದು ಭಿಕ್ಷೆಯಲ್ಲ.

ಜೋಸ್‌ನಲ್ಲಿ ಸಿಕ್ಕಿದ ಕತೆಗಳಲ್ಲಿ ಒಂದು ‘ದಿ ವೆಬ್ ಆಫ್ ಫಿಯರ್’. ಅದರ ಮೂರನೆಯ ಕಂತೂ ಅಲ್ಲಿತ್ತು, ಲಂಡನ್ನಿಗೆ ತಲಪುವಷ್ಟರಲ್ಲಿ ಇಲ್ಲವಾಯಿತು ಎನ್ನುತ್ತಾರೆ ಮಾರಿಸ್. 2014ರ ಡಿವಿಡಿಯಲ್ಲಿ ಆ ಜಾಗಕ್ಕೆ ಫೋಟೋಗಳನ್ನು ಜೋಡಿಸಿದರು, 2021ರಲ್ಲಿ ಆನಿಮೇಷನ್ ಮಾಡಿ ಹಾಕಿದರು. ಎರಡಕ್ಕೂ ಕೇಳುವ ಧ್ವನಿ ಮಾತ್ರ ಹಳೆಯದೇ, 1968ರಲ್ಲಿ ಮನೆಯಲ್ಲಿ ಟಿವಿಯ ಎದುರು ಕೂತವರು ಹಿಡಿದಿಟ್ಟದ್ದು.